ಮಕ್ಕಳ ವಾರ್ಡ್‌ಗೆ ಬರುವ ಚಿತ್ರದ ಗಾಡಿ: ಎರಡು ವರ್ಷ ನೋಡಿದ ಅಪ್ಪನ ಅನಿಸಿಕೆ

ನನ್ನ ಮಗ ಆಸ್ಪತ್ರೆಯಲ್ಲಿ ಬರೆದ ಮೂರನೇ ಚಿತ್ರ ಪೂರ್ತಿ ಹಸಿರು. ಮನೆ ಹಸಿರು, ಬಾಗಿಲು ಹಸಿರು, ಕಿಟಕಿಯಲ್ಲಿ ನಿಂತಿರುವ ಹುಡುಗನೂ ಹಸಿರು. ಪಕ್ಕದ ಬೆಡ್‌ನ ಹುಡುಗಿಯ ಅಜ್ಜಿ ಅದನ್ನು ನೋಡಿ, "ಎಷ್ಟು ಚೆನ್ನಾಗಿದೆ ನೋಡಿ, ತೋಟದ ಮಧ್ಯೆ ಮನೆ ಇದ್ದ ಹಾಗಿದೆ" ಅಂದರು. ನನಗೆ ಮಾತ್ರ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ನಮ್ಮ ಮನೆಯಲ್ಲಿ ಹಸಿರು ಅಂದರೆ ತೋಟ ಅಲ್ಲ. ಹಸಿರು ಅಂದರೆ ಕಾಯಿಲೆ ವಾಪಸ್ ಬಂದಿದೆ ಅಂತ.

ಅವನಿಗೆ ಈಗ 7 ವರ್ಷ. 5 ವರ್ಷದವನಿದ್ದಾಗ ನೆಫ್ರೋಟಿಕ್ ಸಿಂಡ್ರೋಮ್ ಅಂತ ಗೊತ್ತಾಯಿತು. ಕಿಡ್ನಿ ಒಂದು ಜರಡಿ ಅಂದುಕೊಳ್ಳಿ. ಆ ಜರಡಿಯ ಕಣ್ಣು ಸಡಿಲವಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುತ್ತದೆ. ಆಗ ಮೈಯಲ್ಲಿ ನೀರು ನಿಲ್ಲುತ್ತದೆ. ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿರುತ್ತದೆ, ಸಂಜೆ ಹೊತ್ತಿಗೆ ಕಾಲು. ಜಾಸ್ತಿ ಮಕ್ಕಳಿಗೆ ಇದು 2ರಿಂದ 6 ವರ್ಷದ ಒಳಗೆ ಶುರುವಾಗುತ್ತದೆ. ಬಹುತೇಕ ಮಕ್ಕಳಲ್ಲಿ ಸ್ಟೀರಾಯ್ಡ್ ಮಾತ್ರೆಗೆ ಬಗ್ಗುತ್ತದೆ. ಆದರೆ ಹೋದ ಹಾಗೆ ಮಾಡಿ ಮತ್ತೆ ತಿರುಗಿ ಬರುತ್ತದೆ.

ಅದಕ್ಕೇ ದಿನಾ ಬೆಳಿಗ್ಗೆ ಮೊದಲ ಮೂತ್ರದಲ್ಲಿ ಒಂದು ಪಟ್ಟಿ ಅದ್ದಿ ನೋಡಬೇಕು. ಒಂದು ನಿಮಿಷ ಕಾದು, ಡಬ್ಬಿಯ ಮೇಲಿರುವ ಬಣ್ಣಗಳ ಜೊತೆ ಹೋಲಿಸಬೇಕು. ಹಳದಿಯಾಗಿಯೇ ಉಳಿದರೆ ಆ ದಿನ ಗೆದ್ದ ಹಾಗೆ. ಹಸಿರಿಗೆ ತಿರುಗಿದರೆ ಪ್ರೋಟೀನ್ ಹೋಗುತ್ತಿದೆ. ಬಣ್ಣ ಎಷ್ಟು ಗಾಢವೋ ಸೋರಿಕೆ ಅಷ್ಟು ಜಾಸ್ತಿ. ಡಬ್ಬಿಯ ಮೇಲೆ ಒಂದೊಂದು ಹಸಿರಿಗೂ ಒಂದು ಪ್ಲಸ್, ಎರಡು ಪ್ಲಸ್ ಅಂತ ಗುರುತು ಇರುತ್ತದೆ. ಸತತ 3 ದಿನ ಮೂರು ಪ್ಲಸ್ ಅಥವಾ ಅದಕ್ಕಿಂತ ಮೇಲೆ ಬಂದರೆ ಕಾಯಿಲೆ ಮರುಕಳಿಸಿದೆ ಅಂತ ಲೆಕ್ಕ. ಮಾತ್ರೆ ಮತ್ತೆ ಪೂರ್ತಿ ಡೋಸ್‌ಗೆ ಹೋಗುತ್ತದೆ.

ನಾನು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ ಮಾಡುವವನು. ಬಣ್ಣ ಹೊಂದಿಸುವುದೇ ನನ್ನ ಹೊಟ್ಟೆಪಾಡು. ಟ್ಯೂಬ್‌ಲೈಟ್ ಕೆಳಗೆ ಹಳದಿ ಒಂಥರಾ ಕಾಣುತ್ತದೆ, ಹಗಲು ಬೆಳಕಲ್ಲಿ ಇನ್ನೊಂಥರಾ. ಹಾಗಾಗಿ ಪಟ್ಟಿಯನ್ನು ಕಿಟಕಿ ಹತ್ತಿರ ಹಿಡಿದು ನೋಡುತ್ತೇನೆ. ಮಗ ಪಕ್ಕದಲ್ಲೇ ನಿಂತಿರುತ್ತಾನೆ. ಅವನು ಪಟ್ಟಿ ನೋಡುವುದಿಲ್ಲ. ನನ್ನ ಮುಖ ನೋಡುತ್ತಾನೆ.

ಇಷ್ಟು ಹೇಳಿದ್ದು ಯಾಕೆ ಅಂದರೆ, ಆ ಹಸಿರು ಮನೆ ಏನು ಅಂತ ಹೊರಗಿನವರಿಗೆ ಗೊತ್ತಾಗಲು ಸಾಧ್ಯವೇ ಇಲ್ಲ. ನನಗೂ ಅರ್ಧ ಮಾತ್ರ ಗೊತ್ತಾಗಿತ್ತು. ಉಳಿದರ್ಧ ಗೊತ್ತಾಗಿದ್ದು ಚಿತ್ರದ ಗಾಡಿಯಿಂದ. ಅದರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ನಾವು ಹೋಗುವ ಆಸ್ಪತ್ರೆಯ ಮಕ್ಕಳ ವಾರ್ಡ್‌ಗೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಆ ಗಾಡಿ ಬರುತ್ತದೆ. ಔಷಧಿ ಇಟ್ಟುಕೊಂಡು ಬರುತ್ತಾರಲ್ಲ, ಅಂಥದೇ ಮೂರು ಅಂತಸ್ತಿನ ಸ್ಟೀಲ್ ಟ್ರಾಲಿ. ಮೇಲೆ ಹಾಳೆ, ಮಧ್ಯೆ ಕ್ರೇಯಾನ್ ಮತ್ತು ಸ್ಕೆಚ್ ಪೆನ್, ಕೆಳಗೆ ಮಂಚದ ಮೇಲೆ ಇಟ್ಟುಕೊಂಡು ಬರೆಯಲು ರಟ್ಟಿನ ಹಲಗೆಗಳು. ಒಂದು ಚಕ್ರ ಕಿರ್ ಅನ್ನುತ್ತದೆ. ವಾರ್ಡ್‌ನಲ್ಲಿ ಟ್ರಾಲಿ ಸದ್ದು ಅಂದರೆ ಸೂಜಿ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಸದ್ದು ಕೇಳಿದರೆ ಸಾಕು, ಕೈ ಹೊದಿಕೆಯೊಳಗೆ ಹೋಗುತ್ತದೆ. ಈ ಕಿರ್ ಅನ್ನುವ ಸದ್ದಿಗೆ ಮಾತ್ರ ಕೈ ಹೊರಗೆ ಬರುತ್ತದೆ. ಯಾರೋ ಒಮ್ಮೆ ಚಕ್ರಕ್ಕೆ ಎಣ್ಣೆ ಹಾಕಲು ಹೋದಾಗ ಸಿಸ್ಟರ್ ಬೇಡ ಅಂದರಂತೆ. ಸರಿಯಾಗಿಯೇ ಹೇಳಿದ್ದಾರೆ.

ಗಾಡಿ ತರುವವರನ್ನು ಮಕ್ಕಳೆಲ್ಲ ಬಣ್ಣದಕ್ಕ ಅನ್ನುತ್ತಾರೆ. ಚಿತ್ರಕಲೆ ಕಲಿತವರು, ಆಮೇಲೆ ಕಾಯಿಲೆ ಇರುವ ಮಕ್ಕಳ ಜೊತೆ ಕೆಲಸ ಮಾಡಲು ಬೇರೆ ತರಬೇತಿ ಪಡೆದವರು. ಒಂದೊಂದು ಮಗುವಿನ ಹತ್ತಿರ 15 ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ ಕೂರುತ್ತಾರೆ. ಬರೆಯಲು ಮನಸ್ಸಿಲ್ಲದ ಮಗುವಿನ ಪಕ್ಕ ಸುಮ್ನೆ ಕೂತು, ತಾವೇ ಏನಾದರೂ ಗೀಚುತ್ತಿರುತ್ತಾರೆ. "ಹೂವು ಬರಿ, ಮನೆ ಬರಿ" ಅಂತ ಹೇಳಿದ್ದನ್ನು ನಾನು ಈ ಎರಡು ವರ್ಷದಲ್ಲಿ ಕೇಳಿಲ್ಲ. "ಚೆನ್ನಾಗಿದೆ" ಅಂತಲೂ ಬೇಗ ಹೇಳಲ್ಲ. ಮೊದಮೊದಲು ಇದು ನನಗೆ ಸ್ವಲ್ಪ ಒರಟು ಅನ್ನಿಸಿತ್ತು. ಮಗು ಕಷ್ಟಪಟ್ಟು ಬರೆದಿದೆ, ಒಂದು ಭೇಷ್ ಅನ್ನಬಾರದಾ ಅಂತ. ಆಮೇಲೆ ಗೊತ್ತಾಯಿತು. ಚೆನ್ನಾಗಿದೆ ಅಂದ ತಕ್ಷಣ ಮುಂದಿನ ಸಲ ಮಗು ನಮಗೆ ಚೆನ್ನಾಗಿ ಕಾಣುವುದನ್ನೇ ಬರೆಯಲು ಶುರು ಮಾಡುತ್ತದೆ.

ಆ ಶುಕ್ರವಾರ ಅವರು ಹಸಿರು ಮನೆಯನ್ನು ನೋಡಿ, "ಇದರ ಬಗ್ಗೆ ನಂಗೆ ಹೇಳ್ತೀಯಾ?" ಅಂತ ಕೇಳಿದರು. ಅಷ್ಟೇ. ಅವನು ಹೇಳಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಹಸಿರು ಕ್ರೇಯಾನ್‌ಗೆ ಸುತ್ತಿದ್ದ ಕಾಗದವನ್ನು ಉಗುರಿನಿಂದ ಬಿಚ್ಚುತ್ತಾ ಕೂತರು. ನಾನು ಮಂಚದ ಆ ಕಡೆ ಸ್ಟೂಲ್ ಮೇಲಿದ್ದೆ. ಎಷ್ಟೋ ಹೊತ್ತಾದ ಮೇಲೆ ಅವನೇ ಮನೆಯ ಮೂಲೆಯಲ್ಲಿದ್ದ ಒಂದು ಕಪ್ಪು ಚೌಕದ ಮೇಲೆ ಬೆರಳಿಟ್ಟ. ಅದನ್ನು ನಾನು ಟೀವಿ ಅಂದುಕೊಂಡಿದ್ದೆ.

"ಇದು ಡಬ್ಬಿ."

"ಡಬ್ಬೀಲಿ ಏನಿದೆ ಪುಟ್ಟಾ?"

"ಉಪ್ಪು."

ಬಾವು ಇರುವಾಗ ಉಪ್ಪು ಕಡಿಮೆ ಮಾಡಬೇಕು. ಮನೆಯಲ್ಲಿ ನಾವು ಅದನ್ನು ಸಾವಿರ ಸಲ ಹೇಳಿದ್ದೇವೆ. ಆಸ್ಪತ್ರೆಗೆ ಸೇರುವುದಕ್ಕೆ ಒಂದು ವಾರದ ಮುಂಚೆ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಅವನು ಡಬ್ಬಿ ತೆಗೆದು, ಬೆರಳು ಅದ್ದಿ ಉಪ್ಪು ನೆಕ್ಕಿದ್ದ. ಅದಾದ ಮೂರನೇ ದಿನ ಪಟ್ಟಿ ಹಸಿರಾಯಿತು. ನಾನು ಕಿಟಕಿ ಹತ್ತಿರ ನಿಂತು ಮುಖ ಸಣ್ಣ ಮಾಡಿದೆ. ಅವನು ನೋಡಿದ. ಅವನ ಲೆಕ್ಕದಲ್ಲಿ ಕಾಯಿಲೆ ತಂದವನು ಅವನೇ. ಆಮೇಲೆ ಬಂದ ಸೂಜಿ, ರಕ್ತ ಪರೀಕ್ಷೆ, ಅಮ್ಮನ ಅಳು ಎಲ್ಲದಕ್ಕೂ ಆ ಒಂದು ಬೆರಳು ಉಪ್ಪೇ ಕಾರಣ. ಇದನ್ನು ಇಟ್ಟುಕೊಂಡು ಹತ್ತು ಹನ್ನೆರಡು ದಿನ ನಮ್ಮ ಮಧ್ಯೆಯೇ ಓಡಾಡಿದ್ದಾನೆ ಮಗು. ನಾನು ದಿನಾ "ನೋವಿದೆಯಾ? ಭಯ ಆಗ್ತಿದೆಯಾ?" ಅಂತ ಕೇಳುತ್ತಿದ್ದೆ. "ಇಲ್ಲ" ಅನ್ನುತ್ತಿದ್ದ. ನಾನು ಕೇಳಬೇಕಾದ ಪ್ರಶ್ನೆಯೇ ಬೇರೆ ಇತ್ತು.

ಬಣ್ಣದಕ್ಕ ಅಲ್ಲೇ ಸಮಾಧಾನ ಹೇಳಿ ಮುಗಿಸಲಿಲ್ಲ. "ಇದನ್ನ ಡಾಕ್ಟ್ರಿಗೆ ಹೇಳಬಹುದಾ? ನಾನು ಹೇಳಲಾ, ನೀನೇ ಹೇಳ್ತೀಯಾ?" ಅಂತ ಅವನನ್ನೇ ಕೇಳಿದರು. ಮಾರನೇ ದಿನ ರೌಂಡ್ಸ್‌ನಲ್ಲಿ ಡಾಕ್ಟರ್ ಚಿತ್ರ ಕೈಗೆ ತೆಗೆದುಕೊಂಡು ಮಂಚದ ಮೇಲೆ ಕೂತರು. ಉಪ್ಪು ತಿಂದರೆ ಮೈಯಲ್ಲಿ ನೀರು ಇನ್ನೂ ಜಾಸ್ತಿ ನಿಲ್ಲಬಹುದು, ಆದರೆ ಪ್ರೋಟೀನ್ ಸೋರುವುದು ಉಪ್ಪಿನಿಂದ ಅಲ್ಲ ಅಂತ ಅವನಿಗೆ ಅರ್ಥವಾಗುವ ಹಾಗೆ ಹೇಳಿದರು. ಈ ಕಾಯಿಲೆ ತಿರುಗಿ ಬರುವುದಕ್ಕೆ ಎಷ್ಟೋ ಸಲ ಒಂದು ನೆಗಡಿ ಸಾಕು. ಆ ವಾರ ಅವನಿಗೆ ನೆಗಡಿ ಇತ್ತು. "ನೀನಲ್ಲಪ್ಪ, ನಿನ್ನ ಮೂಗು ಮಾಡಿದ್ದು" ಅಂದರು ಡಾಕ್ಟರ್. ಅವನು ಮೂಗು ಮುಟ್ಟಿಕೊಂಡ. ಆ ರಾತ್ರಿ ಎಚ್ಚರವಾಗದೆ ಮಲಗಿದ. ಈ ಗಾಡಿಗೆ ನಾನು ಯಾಕೆ ಇಷ್ಟು ಬೆಲೆ ಕೊಡುತ್ತೇನೆ ಅಂತ ಕೇಳಿದರೆ ನನ್ನ ಉತ್ತರ ಇದೇ. ಸಣ್ಣ ಮಕ್ಕಳು ಕಾಯಿಲೆಯನ್ನು ತಾವು ಮಾಡಿದ ತಪ್ಪಿಗೆ ಶಿಕ್ಷೆ ಅಂದುಕೊಳ್ಳುವುದು ತುಂಬಾ ಸಾಮಾನ್ಯವಂತೆ. ಬಾಯಲ್ಲಿ ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ. ಹಾಳೆ ಮೇಲೆ ಒಂದು ಕಪ್ಪು ಚೌಕ ಬರೆಯುವುದು ಅದಕ್ಕಿಂತ ಸುಲಭ.

ಈಗ ಸಾಮಾನುಗಳ ಬಗ್ಗೆ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಾಳೆ ಎ4, ಮೊದಲು 70 ಜಿಎಸ್‌ಎಂನ ಜೆರಾಕ್ಸ್ ಕಾಗದ ಕೊಡುತ್ತಿದ್ದರು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅಂತ, ಜಾಸ್ತಿ ಇದ್ದಷ್ಟು ಹಾಳೆ ದಪ್ಪ. ಕ್ರೇಯಾನ್ ಒತ್ತಿ ತಿಕ್ಕಿದರೆ ಅದು ಸುಕ್ಕಾಗುತ್ತದೆ, ಸ್ಕೆಚ್ ಪೆನ್ ಹಿಂದಕ್ಕೆ ಇಳಿಯುತ್ತದೆ. ಮಲಗಿಕೊಂಡು ಒಂದೇ ಕೈಯಲ್ಲಿ ಬರೆಯುವ ಮಗುವಿಗೆ ಹಾಳೆ ಜಾರುವುದು ದೊಡ್ಡ ತಾಪತ್ರಯ. ನಾನು ಹೇಳಿದ ಮೇಲೆ 120 ಜಿಎಸ್‌ಎಂಗೆ ಬದಲಾಯಿಸಿದರು. ಹಲಗೆಗೆ ಮೇಲೆ ಕೆಳಗೆ ಎರಡೂ ಕಡೆ ಕ್ಲಿಪ್ ಹಾಕಿದರು. ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ, ಅದು ದೊಡ್ಡ ಗುಣ.

ಕ್ರೇಯಾನ್ ಡಬ್ಬಿ ಪ್ರತಿ ಮಗುವಿಗೂ ಬೇರೆ. 12 ಬಣ್ಣ, ಮೇಲೆ ಹೆಸರು. ಒಬ್ಬರದ್ದು ಇನ್ನೊಬ್ಬರಿಗೆ ಕೊಡುವುದಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವ ಮಕ್ಕಳು, ಕ್ಯಾನ್ಸರ್‌ಗೆ ಕೀಮೋ ಆಗುತ್ತಿರುವ ಮಕ್ಕಳು ಇರುವ ಕಡೆ ಸೋಂಕಿನ ಭಯ ಯಾವಾಗಲೂ ಇರುತ್ತದೆ. ನೀರಿನ ಬಣ್ಣ ಯಾಕಿಲ್ಲ ಅಂತ ನಾನೊಮ್ಮೆ ಕೇಳಿದ್ದೆ. ಲೋಟದಲ್ಲಿ ನಿಂತ ನೀರು, ಒದ್ದೆ ಬ್ರಷ್ ಎರಡೂ ಕ್ರಿಮಿ ಬೆಳೆಯುವ ಜಾಗ, ಅದಕ್ಕೇ ವಾರ್ಡ್ ಒಳಗೆ ಬೇಡ ಅಂದರು. ಹಲಗೆಗಳನ್ನು ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಒರೆಸುತ್ತಾರೆ. ಈ ವಿಷಯದಲ್ಲಿ ಒಂದು ದಿನವೂ ಉಡಾಫೆ ಮಾಡಿದ್ದು ನೋಡಿಲ್ಲ.

ಹೊಸದಾಗಿ ಬರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕ್ಯಾನುಲಾ, ಅಂದರೆ ಔಷಧಿ ಕೊಡಲು ರಕ್ತನಾಳಕ್ಕೆ ಹಾಕಿಡುವ ಸಣ್ಣ ಕೊಳವೆ, ಹಾಕುವ ಮುಂಚೆ ಮಗು ಯಾವ ಕೈಯಲ್ಲಿ ಬರೆಯುತ್ತದೆ ಅಂತ ಸಿಸ್ಟರ್‌ಗೆ ಹೇಳಿ. ಆದಷ್ಟು ಇನ್ನೊಂದು ಕೈಗೆ ಹಾಕುತ್ತಾರೆ. ಮೊದಲ ಸಲ ನಮಗೆ ಗೊತ್ತಿರಲಿಲ್ಲ. ಬಲಗೈಗೆ ಹಾಕಿಸಿಕೊಂಡು ನಾಲ್ಕು ದಿನ ಎಡಗೈಯಲ್ಲಿ ಬರೆದ. ಆ ಚಿತ್ರಗಳಲ್ಲಿ ಗೆರೆಯೆಲ್ಲ ನಡುಗುತ್ತದೆ.

ಬೇರೆ ಮಕ್ಕಳ ಚಿತ್ರಗಳನ್ನೂ ನೋಡಿದ್ದೇನೆ. ಅವರೇ ಕರೆದು ತೋರಿಸಿದಾಗ ಮಾತ್ರ. ಆಸ್ಪತ್ರೆಯ ಡೇ ಕೇರ್‌ಗೆ ಪ್ರತಿ ಮೂರು ನಾಲ್ಕು ವಾರಕ್ಕೆ ರಕ್ತ ಹಾಕಿಸಿಕೊಳ್ಳಲು ಬರುವ ಥಲಸ್ಸೇಮಿಯಾದ ಹುಡುಗನೊಬ್ಬ ಇದ್ದಾನೆ. ಮೈ ತಾನೇ ಸಾಕಷ್ಟು ಹಿಮೋಗ್ಲೋಬಿನ್ ಮಾಡಿಕೊಳ್ಳಲಾಗದ, ಹುಟ್ಟಿನಿಂದ ಬರುವ ಕಾಯಿಲೆ ಅದು. ಬಂದ ಕೂಡಲೇ ಅವನು ಬರೆಯುವುದು ಬರೀ ಪೆನ್ಸಿಲ್‌ನಲ್ಲಿ, ಅದೂ ತೆಳುವಾಗಿ. ರಕ್ತದ ಚೀಲ ಅರ್ಧ ಖಾಲಿಯಾದ ಮೇಲೆ ಅದೇ ಹಾಳೆಗೆ ಬಣ್ಣ ಹಾಕಲು ಶುರು ಮಾಡುತ್ತಾನೆ. ಬಂದ ಕೂಡಲೇ ಯಾಕೆ ಬಣ್ಣ ಹಾಕಲ್ಲ ಅಂತ ಬಣ್ಣದಕ್ಕ ಕೇಳಿದಾಗ, "ಆವಾಗ ಕ್ರೇಯಾನ್ ಭಾರ ಇರುತ್ತೆ" ಅಂದನಂತೆ. ಹಿಮೋಗ್ಲೋಬಿನ್ ಇಳಿದಾಗ ಮೈಗೆ ಹೇಗಾಗುತ್ತದೆ ಅಂತ ನಾನು ಎಷ್ಟೋ ಕಡೆ ಓದಿದ್ದೆ. ಒಂದು ಕ್ರೇಯಾನ್ ಭಾರವಾಗುತ್ತದೆ ಅಂತ ಎಲ್ಲೂ ಓದಿರಲಿಲ್ಲ.

ಇನ್ನೊಬ್ಬಳು ಟೈಪ್ 1 ಸಕ್ಕರೆ ಕಾಯಿಲೆಯ ಹುಡುಗಿ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಅವಳು ಬರೆದ ಸೂಜಿ ಹಾಳೆಯ ಮೇಲಿಂದ ಕೆಳಗಿನವರೆಗೆ ಇತ್ತು, ಪಕ್ಕದಲ್ಲಿ ಬೆರಳುದ್ದ ಹುಡುಗಿ. ನೋಡಿದವರೆಲ್ಲ "ಪಾಪ, ಸೂಜಿ ಅಂದರೆ ಎಷ್ಟು ಭಯ" ಅಂದರು. ಕೇಳಿದರೆ ಅವಳು, "ಸೂಜಿ ಮೇಲೆ ಗೆರೆ ಇರುತ್ತಲ್ಲ, ಅದೆಲ್ಲ ಬರೀಬೇಕಿತ್ತು, ಅದಕ್ಕೆ ದೊಡ್ಡದು ಮಾಡಿದೆ" ಅಂದಳು. ಆ ವಾರ ಅವಳು ತಾನೇ ಡೋಸ್ ಎಳೆದುಕೊಳ್ಳುವುದನ್ನು ಕಲಿತಿದ್ದಳು. ಎಷ್ಟು ಗೆರೆ ಅಂತ ತೋರಿಸಲು ಬರೆದ ಚಿತ್ರ ಅದು. ನಾವು ಭಯ ಅಂತ ಓದಿದ್ದು ಅವಳ ಹೆಮ್ಮೆಯನ್ನು.

ಇಲ್ಲಿ ನನ್ನ ಮೊದಲ ದೂರು ಬರುತ್ತದೆ. ಬಣ್ಣದಕ್ಕ ಮೂರು ವಾರ ರಜೆಯಲ್ಲಿದ್ದಾಗ ಬದಲಿಗೆ ಒಬ್ಬರು ಬಂದರು. ಒಳ್ಳೆಯ ಮನಸ್ಸಿನವರೇ. ಆದರೆ ಮಗನ ಚಿತ್ರ ನೋಡಿ, ಅವನ ಎದುರಿಗೇ ನನ್ನ ಹೆಂಡತಿಗೆ, "ಮಗು ಒಳಗೊಳಗೇ ತುಂಬಾ ಕುಗ್ಗಿದೆ, ನೋಡಿ ಎಷ್ಟು ಕಪ್ಪು ಬಳಸಿದ್ದಾನೆ" ಅಂದುಬಿಟ್ಟರು. ಅವಳು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ನಾನು ಮಗನನ್ನು ಕೇಳಿದೆ. "ರಾತ್ರಿ ಅಪ್ಪಾ. ರಾತ್ರಿ ಕಪ್ಪು ಅಲ್ವಾ?" ಅಂದ. ವಿಷಯ ಅಷ್ಟಕ್ಕೇ ಮುಗಿದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಆಮೇಲೆ ಎರಡು ತಿಂಗಳು ಅವನು ಕಪ್ಪು ಕ್ರೇಯಾನ್ ಮುಟ್ಟಲಿಲ್ಲ. ತಲೆಗೂದಲಿಗೂ ಕಂದು ಬಣ್ಣ ಹಾಕಿದ. "ಕಪ್ಪು ಹಾಕಿದ್ರೆ ಅಮ್ಮ ಅಳ್ತಾಳೆ" ಅಂತ ತಂಗಿಗೆ ಹೇಳುತ್ತಿದ್ದ.

ಚಿತ್ರದಿಂದ ಏನೂ ತಿಳಿಯಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ತಿಳಿಯುತ್ತದೆ. 2002ರಲ್ಲಿ ಪೀಡಿಯಾಟ್ರಿಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ತಲೆನೋವು ಅಂತ ಬಂದ 226 ಮಕ್ಕಳಿಗೆ, ಡಾಕ್ಟರ್ ಮಾತಾಡಿಸುವ ಮುಂಚೆಯೇ, ನಿನ್ನ ತಲೆನೋವು ಹೇಗಿರುತ್ತದೆ ಬರಿ ಅಂತ ಹಾಳೆ ಕೊಟ್ಟರು. ಆಮೇಲೆ ಬರೀ ಆ ಚಿತ್ರಗಳನ್ನು ನೋಡಿ ಇದು ಮೈಗ್ರೇನ್ ಹೌದೋ ಅಲ್ಲವೋ ಅಂತ ಗುರುತಿಸಿದರು. ಡಾಕ್ಟರ್ ಪರೀಕ್ಷೆ ಮಾಡಿ ಮೈಗ್ರೇನ್ ಅಂದ ಮಕ್ಕಳಲ್ಲಿ ನೂರಕ್ಕೆ 93 ಮಂದಿಯನ್ನು ಚಿತ್ರದಿಂದಲೇ ಸರಿಯಾಗಿ ಗುರುತಿಸಿದ್ದರು. ತಲೆಗೆ ಸುತ್ತಿಗೆ, ವಾಂತಿ, ಕತ್ತಲೆ ಕೋಣೆಯಲ್ಲಿ ಮಲಗಿದ ಮಗು. "ನಿನಗೆ ಬೆಳಕು ಆಗಿಬರಲ್ವಾ?" ಅಂತ ಕೇಳಿದರೆ ಪೆಚ್ಚಾಗಿ ನೋಡುವ ಮಗು, ಆರಿಸಿದ ದೀಪವನ್ನು ಬರೆದು ತೋರಿಸುತ್ತದೆ. ಆದರೆ ಅಲ್ಲಿ ಗಮನಿಸಬೇಕಾದ್ದು, ಮಗುವನ್ನು ಕೇಳಿದ್ದು ಅದರ ತಲೆನೋವನ್ನು ಬರಿ ಅಂತ. ಏನೋ ಬರೆದದ್ದರಲ್ಲಿ ಕಪ್ಪು ಕಂಡಿತು ಅಂತ ತೀರ್ಪು ಕೊಡುವುದಕ್ಕೂ ಇದಕ್ಕೂ ಅಜಗಜಾಂತರ. ಆಸ್ಪತ್ರೆಯಲ್ಲಿರುವ ಮಕ್ಕಳ ಆತಂಕವನ್ನು ಚಿತ್ರದಿಂದ ಅಳೆಯಲು ನರ್ಸ್‌ಗಳಿಗಾಗಿಯೇ ಮಾಡಿದ ಒಂದು ವಿಧಾನವೂ ಇದೆ. 8 ಬಣ್ಣದ ಕ್ರೇಯಾನ್ ಕೊಟ್ಟು, ಆಸ್ಪತ್ರೆಯಲ್ಲಿರುವ ಒಬ್ಬ ಮನುಷ್ಯನನ್ನು ಬರಿ ಅನ್ನುತ್ತಾರೆ. ಅದರಲ್ಲೂ ಹಾಳೆಯ ಎಷ್ಟೋ ಅಂಶಗಳಿಗೆ ಒಂದೊಂದಾಗಿ ಅಂಕ ಹಾಕಿ, ಎಲ್ಲವನ್ನೂ ಕೂಡಿಸಿ ನೋಡಬೇಕು. ಮಂಚದ ಪಕ್ಕ ನಿಂತು ಒಂದು ಕಣ್ಣು ಹಾಯಿಸಿ ಹೇಳುವ ಮಾತಲ್ಲ.

ವಾರ್ಡ್‌ನ ಗೋಡೆಯ ಮೇಲೆ ಆರು ಮುಖಗಳ ಚಾರ್ಟ್ ಒಂದಿದೆ. ನಗುವ ಮುಖದಿಂದ ಅಳುವ ಮುಖದವರೆಗೆ, ಸೊನ್ನೆಯಿಂದ ಹತ್ತು. ನೋವು ಎಷ್ಟು ಅಂತ ಮಗು ಬೆರಳಿಟ್ಟು ತೋರಿಸಬೇಕು. ನೀವೂ ನೋಡಿರುತ್ತೀರಿ. ಅದು ಹುಟ್ಟಿದ್ದೂ ಮಕ್ಕಳು ಬರೆದ ಚಿತ್ರಗಳಿಂದಲೇ ಅಂತ ನನಗೆ ಗೊತ್ತಿರಲಿಲ್ಲ. ಅಮೆರಿಕದ ಓಕ್ಲಹೋಮಾದಲ್ಲಿ 1981ರಲ್ಲಿ ಸುಟ್ಟಗಾಯಗಳ ವಾರ್ಡ್‌ನಲ್ಲಿ ಡೊನ್ನಾ ವಾಂಗ್ ಅನ್ನುವ ನರ್ಸ್ ಮತ್ತು ಕಾನಿ ಬೇಕರ್ ಕೆಲಸ ಮಾಡುತ್ತಿದ್ದರು. ನೋವು ಎಷ್ಟು ಅಂತ ಅಂಕಿಯಲ್ಲಿ ಕೇಳಿದರೆ ಸಣ್ಣ ಮಕ್ಕಳಿಗೆ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಆರು ಖಾಲಿ ವೃತ್ತ ಕೊಟ್ಟು, ನೋವಿಲ್ಲದ್ದರಿಂದ ತುಂಬಾ ನೋವಿನವರೆಗೆ ಮುಖ ಬರೆಯಲು ಹೇಳಿದರು. ಮಕ್ಕಳು ಬರೆದ ಆ ಮುಖಗಳನ್ನು ಇಟ್ಟುಕೊಂಡೇ ಒಬ್ಬ ಕಲಾವಿದರ ಕೈಯಲ್ಲಿ ಈಗಿನ ಚಾರ್ಟ್ ಬರೆಸಿದ್ದು. ಬಣ್ಣದಕ್ಕ ಇದನ್ನು ಮಕ್ಕಳಿಗೆ ಹೇಳುತ್ತಾರೆ. ಹೇಳಿ, ಅವರಿಗೂ ಆರು ವೃತ್ತ ಕೊಡುತ್ತಾರೆ. ನನ್ನ ಮಗನ ಐದನೇ ಮುಖ ಅಳುತ್ತದೆ, ಆರನೇ ಮುಖ ಅಳುವುದಿಲ್ಲ. ಅದಕ್ಕೆ ಬಾಯಿಯೇ ಇಲ್ಲ. ನೋವು ತುಂಬಾ ಜಾಸ್ತಿಯಾದರೆ ಅವನು ಸುಮ್ಮನಾಗುತ್ತಾನೆ ಅಂತ ನಮಗೆ ತಿಳಿದದ್ದು ಹಾಗೆ. ಸಿಸ್ಟರ್ ಅದನ್ನು ಅವನ ಫೈಲ್‌ನಲ್ಲಿ ಹಾಕಿಕೊಂಡರು. ಈಗ ಅವನು ಮಾತು ನಿಲ್ಲಿಸಿದರೆ ಬಂದು ನೋಡುತ್ತಾರೆ.

ಎರಡನೇ ದೂರು, ಗೋಡೆಗೆ ಅಂಟಿಸುವುದರ ಬಗ್ಗೆ. ಕಳೆದ ವರ್ಷ ಕಾರಿಡಾರ್‌ನಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನ ಮಾಡಿದರು. ಅದರಲ್ಲಿ ನನ್ನ ಮಗನ ಚಿತ್ರವೂ ಇತ್ತು. ಅವನು ತನ್ನನ್ನೇ ಬರೆದುಕೊಂಡ ಚಿತ್ರ. ಸ್ಟೀರಾಯ್ಡ್‌ನಿಂದ ಮುಖ ದುಂಡಗೆ ಊದುತ್ತದೆ, ಗೊತ್ತಿರಬಹುದು. ಹಾಳೆಯಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬ ಸಣ್ಣ ಮುಖದವನು, ಒಬ್ಬ ದೊಡ್ಡ ಮುಖದವನು, ಮಧ್ಯೆ ಕನ್ನಡಿ. ದೊಡ್ಡ ಮುಖದವನ ಹತ್ತಿರ ಅವನ ಹೆಸರಿಲ್ಲ. "ಇವನು ಯಾರು?" ಅಂದರೆ "ಮಾತ್ರೆ ಹುಡುಗ" ಅಂದಿದ್ದ. ಅವನು ಬಂದು ತನ್ನ ಜಾಗದಲ್ಲಿ ಕೂತಿದ್ದಾನೆ, ಇನ್ನು ಹೋಗಲ್ಲ ಅಂತ ನಂಬಿದ್ದ. ಡೋಸ್ ಇಳಿಸುತ್ತಾ ಬಂದ ಹಾಗೆ ಮುಖವೂ ಇಳಿಯುತ್ತದೆ ಅಂತ ನಮಗೆ ಡಾಕ್ಟರ್ ಹೇಳಿದ್ದರು. ಅವನಿಗೆ ಯಾರೂ ಹೇಳಿರಲಿಲ್ಲ. ಚಿತ್ರ ನೋಡಿದ ದಿನವೇ ಹೇಳಿದೆವು. ಹಳೆಯ ಫೋಟೋ, ಹೋದ ಸಲ ಊದಿ ಇಳಿದ ಮೇಲಿನ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆವು.

ಆ ಚಿತ್ರ ದಾರಿಯಲ್ಲಿ ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಗೋಡೆ ಮೇಲಿತ್ತು. ಕೆಳಗೆ ಅವನ ಹೆಸರು, ವಯಸ್ಸು, ಕಾಯಿಲೆ. ನನ್ನನ್ನೂ ಕೇಳಿಲ್ಲ, ಅವನನ್ನೂ ಕೇಳಿಲ್ಲ. ಇದು ಬಣ್ಣದಕ್ಕನ ಕೆಲಸವಲ್ಲ, ಪ್ರದರ್ಶನ ಮಾಡಿದವರು ಬೇರೆ. ಆದರೂ ಚಿತ್ರಗಳು ಅವರ ಗಾಡಿಯಿಂದಲೇ ಹೋಗಿದ್ದವು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 13ನೇ ಕಲಂ ಮಗು ತನ್ನ ಮನಸ್ಸಿನದನ್ನು ಕಲೆಯ ಮೂಲಕವೂ ಹೇಳಬಹುದು ಅನ್ನುತ್ತದೆ. 16ನೇ ಕಲಂ ಮಗುವಿಗೂ ಖಾಸಗಿತನ ಇದೆ ಅನ್ನುತ್ತದೆ. ಎರಡೂ ಒಂದೇ ಪುಸ್ತಕದಲ್ಲಿವೆ. ಡಾಕ್ಟರಿಗೆ ಹೇಳಿದ ಮಾತು ಗುಟ್ಟಾದರೆ, ಬರೆದ ಚಿತ್ರವೂ ಗುಟ್ಟೇ ಅಲ್ವಾ? ನಾನು ದೂರು ಬರೆದುಕೊಟ್ಟ ಮೇಲೆ ಚಿತ್ರ ತೆಗೆದರು, ಕ್ಷಮೆಯನ್ನೂ ಕೇಳಿದರು. ಈಗ ಪ್ರತಿ ಹಾಳೆಯ ಹಿಂದೆ ಮೂರು ಚೌಕಗಳಿವೆ. ನನ್ನ ಹತ್ತಿರ ಇರಲಿ, ಡಾಕ್ಟರ್ ನೋಡಬಹುದು, ಎಲ್ಲರೂ ನೋಡಬಹುದು. ಮಗುವೇ ಗುರುತು ಹಾಕುತ್ತದೆ. ನನ್ನ ಮಗ ಹೆಚ್ಚಾಗಿ ಮೊದಲನೆಯದಕ್ಕೆ ಹಾಕುತ್ತಾನೆ.

ದೊಡ್ಡ ಮಕ್ಕಳಿಗೆ ಈ ಗಾಡಿ ಅಷ್ಟು ಒಗ್ಗುವುದಿಲ್ಲ. 13, 14 ವರ್ಷದವರು ಕ್ರೇಯಾನ್ ನೋಡಿದರೆ ಮುಖ ತಿರುಗಿಸುತ್ತಾರೆ. ಅವರಿಗೆ ಬೇರೆ ಪೆನ್ನು, ಕಪ್ಪು ಹಾಳೆ, ಕಾಮಿಕ್ಸ್ ತರಹ ಚೌಕ ಹಾಕಿದ ಹಾಳೆ ಏನಾದರೂ ಬೇಕು. ಸಂಧಿವಾತ ಇರುವ ಒಬ್ಬ ಹುಡುಗನಿಗೆ ಪೆನ್ಸಿಲ್ ಹಿಡಿದರೆ ಬೆರಳು ನೋವು. ಬಣ್ಣದಕ್ಕ ಅವನಿಗೆ ಬಣ್ಣದ ಕಾಗದ ಹರಿದು ಅಂಟಿಸಲು ಕೊಟ್ಟರು. ಜೊತೆಗೆ ಮಾತೀಸ್ ಕಥೆ ಹೇಳಿದರು. ಫ್ರಾನ್ಸ್‌ನ ಈ ಚಿತ್ರಕಾರ ಮೊದಲು ವಕೀಲರ ಕಚೇರಿಯ ಗುಮಾಸ್ತ. ಇಪ್ಪತ್ತರ ಆಸುಪಾಸಿನಲ್ಲಿ ಅಪೆಂಡಿಸೈಟಿಸ್ ಆಗಿ ಹಾಸಿಗೆ ಹಿಡಿದಾಗ ಅಮ್ಮ ಒಂದು ಬಣ್ಣದ ಡಬ್ಬಿ ತಂದುಕೊಟ್ಟರು, ಅಲ್ಲಿಂದ ಚಿತ್ರ ಶುರು. 1941ರಲ್ಲಿ ದೊಡ್ಡ ಆಪರೇಷನ್ ಆದ ಮೇಲೆ ಹಾಸಿಗೆ, ಗಾಲಿಕುರ್ಚಿಯಲ್ಲೇ ಕೂತು ಬಣ್ಣದ ಕಾಗದ ಕತ್ತರಿಸಿ ಚಿತ್ರ ಮಾಡಿದರು. ಹುಡುಗ ಕೇಳಿಸಿಕೊಂಡ, ಏನೂ ಹೇಳಲಿಲ್ಲ. ಮುಂದಿನ ವಾರ ಹಳೆಯ ಪೇಪರ್‌ಗಳ ಒಂದು ಕಟ್ಟು ತಾನೇ ತಂದಿದ್ದ. ಬೆಳಿಗ್ಗೆ ಅವನ ಬೆರಳು ತುಂಬಾ ಬಿಗಿದಿರುತ್ತದೆ, ಮಧ್ಯಾಹ್ನ ಸಡಿಲವಾಗುತ್ತದೆ. ಮೂರು ಗಂಟೆ ಅವನಿಗೆ ಸರಿಹೋಗುತ್ತದೆ.

ಎಲ್ಲರಿಗೂ ಸರಿಹೋಗುವುದಿಲ್ಲ. ಮೂರು ಗಂಟೆಗೇ ಕೆಲವು ಮಕ್ಕಳನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗುತ್ತಾರೆ. ವಾಪಸ್ ಬರುವಷ್ಟರಲ್ಲಿ ಗಾಡಿ ಹೋಗಿರುತ್ತದೆ. ಸೂಜಿ, ಪರೀಕ್ಷೆ ಮುಗಿಸಿ ಬಂದ ಮಗುವಿಗೇ ಅಲ್ಲವೇ ಹಾಳೆ ಜಾಸ್ತಿ ಬೇಕಾಗುವುದು? ಭಾನುವಾರ ಸೇರಿ ಮಂಗಳವಾರ ಬೆಳಿಗ್ಗೆ ಮನೆಗೆ ಹೋಗುವ ಮಕ್ಕಳು ಗಾಡಿಯನ್ನು ನೋಡುವುದೇ ಇಲ್ಲ. ಒಬ್ಬರೇ ಎಷ್ಟು ಅಂತ ಮಾಡುತ್ತಾರೆ. ಇನ್ನೊಬ್ಬರು ಬೇಕು, ಆದರೆ ಕೇಳಲು ಗೊತ್ತಿರುವವರು ಬೇಕು. ಅಲ್ಲಿಯವರೆಗೆ ಕನಿಷ್ಠ ಸಿಸ್ಟರ್‌ಗಳ ಮೇಜಿನ ಹತ್ತಿರ ಹಾಳೆ, ಕ್ರೇಯಾನ್ ಡಬ್ಬಿಗಳನ್ನು ಇಟ್ಟು ಹೋಗಲಿ.

ಇನ್ನೊಂದು ಸಣ್ಣ ಕೋರಿಕೆ ಇತ್ತು, ಅದು ಈಗಾಗಲೇ ಈಡೇರಿದೆ. ಬಿಡಿ ಬಣ್ಣ ಸಿಗುತ್ತಿರಲಿಲ್ಲ. ಒಂದು ಬಣ್ಣ ಮುಗಿದರೆ ಹೊಸ ಡಬ್ಬಿಗೆ ಕಾಯಬೇಕು. ಮಗ ಈಗ ಮನೆಯಲ್ಲಿ ಕ್ಯಾಲೆಂಡರ್ ಮೇಲೆ ದಿನಾ ಪಟ್ಟಿಯ ಬಣ್ಣ ತುಂಬುತ್ತಾನೆ. ಮೊದಲು ನಾನು ಪ್ಲಸ್, ಮೈನಸ್ ಅಂತ ಬರೆದಿಡುತ್ತಿದ್ದೆ. ಈಗ ಅವನೇ ಕಿಟಕಿ ಹತ್ತಿರ ಪಟ್ಟಿ ಹಿಡಿಯುತ್ತಾನೆ, ಒಂದು ನಿಮಿಷ ಎಣಿಸುತ್ತಾನೆ, ಆಮೇಲೆ ಆ ದಿನದ ಚೌಕಕ್ಕೆ ಬಣ್ಣ ಹಾಕುತ್ತಾನೆ. ಹೋದ ತಿಂಗಳು ಹಳದಿ ಕ್ರೇಯಾನ್ ಉಗುರಿನಷ್ಟಾಗಿ, ಹಿಡಿಯಲು ಬರದೆ ಮುಗಿದೇ ಹೋಯಿತು. ಶುಕ್ರವಾರ ಚೆಕಪ್‌ಗೆ ಹೋದಾಗ ಬಣ್ಣದಕ್ಕನಿಗೆ ಆ ತುಂಡು ತೋರಿಸಿದ. ಮುಂದಿನ ಸಲ ಅವರು ಎರಡು ಹಳದಿ ತಂದಿದ್ದರು.